ಮೂಲ ಧ್ವನಿಯೊಂದಿಗೆ

ನಮ್ಮ ಅತ್ತಿಗೆಗೆ ಕೋಪ ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಅಂದು ಸಿನಿಮಾ ಡಿಸ್ಕ್ ಮಾರುವ ಅಂಗಡಿಯಲ್ಲಿ ಅದು ಎಷ್ಟು ಇಳಿದಿತ್ತೆಂದರೆ, ಅಂಗಡಿಯವನು ಗಲ್ಲಾ ಬಿಟ್ಟು ಮುಂದೆ ಬಾಗಿ ಕಿವಿ ಕೊಡಬೇಕಾಯಿತು.

"ಇದು ಅದೇ ಸಿನಿಮಾ ತಾನೇ?"

"ಅದೇ ಮೇಡಂ. ಆದ್ರೆ ಹೊಸ ಡಬ್ಬ, ತಗಡಿಂದು. ಒಳಗಡೆ ಪುಸ್ತಕ ಇದೆ, ಪೋಸ್ಟರ್ ಇದೆ."

"ಪೋಸ್ಟರ್ ಹೋದ್ಸಲಾನೂ ಇತ್ತು."

"ಅದು ಮಡಚಿದ್ದು ಮೇಡಂ. ಇದು ಸುತ್ತಿದ್ದು."

ನನಗೆ ನಗು ತಡೆಯಲಾಗಲಿಲ್ಲ. ಅತ್ತಿಗೆ ಮಾತ್ರ ನಗಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಡಬ್ಬ ತಿರುಗಿಸಿ, ಹಿಂಬದಿಯ ಇರುವೆ ಗಾತ್ರದ ಅಕ್ಷರಗಳನ್ನು ಓದತೊಡಗಿದಳು. ತೀರಾ ಕೆಳಗೆ, ಮೂಲೆಯಲ್ಲಿ, 'ಮೊದಲ ಬಾರಿಗೆ, ಮೂಲ ಧ್ವನಿಯೊಂದಿಗೆ' ಎಂದಿತ್ತು. ಅಷ್ಟು ಸಾಕಾಯಿತು. ಡಬ್ಬ ಚೀಲದೊಳಗೆ ಹೋಯಿತು. ಹಿಂದಿನ ಸಲವೂ ಹೀಗೇ ಯಾವುದೋ ಒಂದು ಸಾಲು ಓದಿ ಕೊಂಡಿದ್ದಳು, ಅದರ ಹಿಂದಿನ ಸಲವೂ. ಡಿಸ್ಕ್ ಹೊರತರುವ ಕಂಪನಿಯವರು ಇವಳ ಕಿವಿಗೆ ಹೂವಿಡುತ್ತಲೇ ಬಂದಿದ್ದರು, ಇವಳು ಬೈಯುತ್ತಲೇ ಇಡಿಸಿಕೊಳ್ಳುತ್ತಿದ್ದಳು.

ಅತ್ತಿಗೆಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಹಾಗಾಗಿ ಏಕವಚನದ ಸಲಿಗೆ. ಅಣ್ಣ-ಅತ್ತಿಗೆ ಕೆಳಗಿನ ಮನೆಯಲ್ಲಿ, ನಾನು ಮೇಲಿನ ಮನೆಯಲ್ಲಿ. ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ಅವಳ ಕೆಲಸ. ದಿನವಿಡೀ ಜನರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ "ಉಸಿರು ಹಿಡ್ಕೊಳ್ಳಿ... ಬಿಡಿ" ಎನ್ನುತ್ತಾಳೆ. ಮನೆಯಲ್ಲಿ ಅಣ್ಣ ಏನಾದರೂ ಗೊಣಗಲು ಶುರು ಮಾಡಿದರೆ ಅದೇ ದನಿಯಲ್ಲಿ "ಉಸಿರು ಹಿಡ್ಕೊಳ್ಳಿ" ಎನ್ನುತ್ತಾಳೆ, 'ಬಿಡಿ' ಮಾತ್ರ ಹೇಳುವುದಿಲ್ಲ. ಅಣ್ಣನೂ ಪಾಪ, ಹಿಡಿದುಕೊಂಡೇ ಇರುತ್ತಾನೆ.

ನಡುಮನೆಯ ಒಂದು ಗೋಡೆ ಪೂರ್ತಿ ಅವಳ ಸಿನಿಮಾಗಳದು. ಮೇಲಿನ ಶೆಲ್ಫುಗಳಲ್ಲಿ ಊರ ಸಿನಿಮಾಗಳೆಲ್ಲ ಇವೆ. ಕೈಗೆಟಕುವ ಶೆಲ್ಫಿನಲ್ಲಿ ಮಾತ್ರ ಒಂದೇ ಸಿನಿಮಾ, ಬೇರೆ ಬೇರೆ ಅವತಾರಗಳಲ್ಲಿ. ಹಳೆಯ ಕಪ್ಪುಬಿಳುಪು ಸಿನಿಮಾ. ಮೊದಲು ಕ್ಯಾಸೆಟ್ ಬಂತು, ಚಿತ್ರ ಮಸುಕು. ಆಮೇಲೆ ಡಿಸ್ಕ್, ಅದರಲ್ಲಿ ಒಂದು ಹಾಡೇ ನಾಪತ್ತೆ. ಹಾಡು ಸೇರಿಸಿ ಇನ್ನೊಂದು ಬಿಟ್ಟರು, ಅದರಲ್ಲಿ ಅಗಲದ ಟಿವಿಗೆ ಹೊಂದಿಸಲು ಎಲ್ಲರ ಹಣೆಯನ್ನೂ ಕತ್ತರಿಸಿದ್ದರು. ಹಣೆ ವಾಪಸ್ ಕೊಟ್ಟದ್ದರಲ್ಲಿ ಬಣ್ಣ ತುಂಬಿದ್ದರು. ನಾಯಕಿಯ ಮುಖ ಕುಂಬಳಕಾಯಿ ಹೋಳಿನ ಹಾಗಿತ್ತು. ಬಣ್ಣ ತೆಗೆದದ್ದರಲ್ಲಿ ಎಷ್ಟು ತಿಕ್ಕಿ ತೊಳೆದಿದ್ದರೆಂದರೆ, ಮುದುಕರ ಮುಖಕ್ಕೂ ಇಸ್ತ್ರಿ ಹಾಕಿದಂತಿತ್ತು. ಯಾವುದರಲ್ಲೂ ಎಲ್ಲವೂ ಸರಿಯಿಲ್ಲ, ಹಾಗಾಗಿ ಯಾವುದನ್ನೂ ಎಸೆಯುವಂತಿಲ್ಲ. ಈ ತರ್ಕವನ್ನು ಅಣ್ಣನಿಗೆ ಒಪ್ಪಿಸಲು ಅವಳಿಗೆ ವರ್ಷಗಳು ಹಿಡಿದವು. ಈಗ ಅವನೇ ಬಂದವರಿಗೆಲ್ಲ ವಿವರಿಸುತ್ತಾನೆ.

ಇಷ್ಟಾದರೂ ಅತ್ತಿಗೆಗೆ ಬೇಕಿದ್ದದ್ದು ಚಿತ್ರವಲ್ಲ, ಸದ್ದು.

ಅವಳ ಅಪ್ಪ ಸಿನಿಮಾಗಳಿಗೆ ಸದ್ದು ಮಾಡುತ್ತಿದ್ದವರು. ಚಿತ್ರೀಕರಣವೆಲ್ಲ ಮುಗಿದ ಮೇಲೆ, ಕತ್ತಲ ಕೋಣೆಯಲ್ಲಿ ಪರದೆ ನೋಡುತ್ತ, ಬಾಗಿಲು ಹಾಕುವ ಸದ್ದು, ಪಾತ್ರೆ ಬೀಳುವ ಸದ್ದು, ನಡಿಗೆಯ ಸದ್ದುಗಳನ್ನು ಕೂಡಿಸುವ ಕೆಲಸ. ಮರಳು ತುಂಬಿದ ತಟ್ಟೆ, ಜಲ್ಲಿ, ಮರದ ಹಲಗೆಗಳು, ಹೆಂಗಸರ ಚಪ್ಪಲಿ, ಗಂಡಸರ ಬೂಟು, ಇವೇ ಅವರ ಆಸ್ತಿ. ಮೂಲಂಗಿ ಲಟಕ್ಕನೆ ಮುರಿದು ಮೂಳೆ ಮುರಿದ ಸದ್ದು ಮಾಡುತ್ತಿದ್ದರಂತೆ. ಮಗಳು ನಿಜವಾಗಿ ಮುರಿದ ಮೂಳೆಯ ಚಿತ್ರ ತೆಗೆಯುತ್ತಾಳೆ. ಅಂಥವರ ಹೆಸರನ್ನು ಆಗ ಸಿನಿಮಾದಲ್ಲಿ ಹಾಕುತ್ತಿರಲಿಲ್ಲ.

ಈ ಸಿನಿಮಾದಲ್ಲಿ ತುಂಬು ಬಸುರಿ ಸೊಸೆ ಮನೆ ಬಿಟ್ಟು ಹೋಗುವ ದೃಶ್ಯವೊಂದಿದೆ. ಕ್ಯಾಮೆರಾ ಅವಳನ್ನು ತೋರಿಸುವುದೇ ಇಲ್ಲ. ಕೆಳಗೆ ಕುರ್ಚಿಯಲ್ಲಿ ಕೂತ ಮಾವನ ಮುಖವನ್ನಷ್ಟೇ ತೋರಿಸುತ್ತದೆ. ಮೆಟ್ಟಿಲಿಳಿಯುವ ಹೆಜ್ಜೆ ಕೇಳುತ್ತದೆ. ನಡುವೆ ಒಂದು ಕಡೆ ಹೆಜ್ಜೆ ನಿಲ್ಲುತ್ತದೆ, ಹಲಗೆ ಕಿರ್ ಎನ್ನುತ್ತದೆ. ಮುದುಕ ತಲೆ ಎತ್ತುತ್ತಾನೆ, ಏನೋ ಹೇಳಲು ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ಹೆಜ್ಜೆ ಮತ್ತೆ ಇಳಿಯತೊಡಗುತ್ತದೆ. ಅವನು ಬಾಯಿ ಮುಚ್ಚುತ್ತಾನೆ. ಇಡೀ ಸಿನಿಮಾದ ಜೀವ ಆ ನಿಲುಗಡೆಯಲ್ಲಿದೆ ಎನ್ನುವುದು ಅತ್ತಿಗೆಯ ವಾದ. ನಾನು ಸಿನಿಮಾ ಹುಚ್ಚಿನವಳಲ್ಲ, ಆದರೂ ಒಪ್ಪುತ್ತೇನೆ.

ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಹೆಂಗಸರ ಚಪ್ಪಲಿ ಮೆಟ್ಟಿ ಹಾಗೆ ನಡೆದದ್ದನ್ನು ಅತ್ತಿಗೆಯ ಅಪ್ಪ ಬದುಕಿರುವವರೆಗೂ ಹೇಳಿಕೊಂಡು ನಗುತ್ತಿದ್ದರು. ಎದ್ದು ನಡೆದು ತೋರಿಸುತ್ತಲೂ ಇದ್ದರು. ಅವರು ತೀರಿಹೋದ ಮೇಲೆ ಅತ್ತಿಗೆಯ ಅಮ್ಮ, ನಾವೆಲ್ಲ ದೊಡ್ಡಮ್ಮ ಎನ್ನುವವರು, ಮಗಳ ಮನೆಗೇ ಬಂದರು. ಈಗ ಅವರ ಕಣ್ಣು ಪೂರ್ತಿ ಮಂಜು. ಟಿವಿ ಹಾಕಿದರೆ ಕೇಳುತ್ತ ಕೂರುತ್ತಾರೆ.

ಹೊಸ ಡಿಸ್ಕ್ ಬಂದಾಗಲೆಲ್ಲ ಅತ್ತಿಗೆ ಮೊದಲು ಹಾಕುವುದು ಮೆಟ್ಟಿಲಿನ ದೃಶ್ಯ. ದೊಡ್ಡಮ್ಮ ತಲೆ ಒಂದು ಕಡೆಗೆ ವಾಲಿಸಿ ಕೇಳುತ್ತಾರೆ. ಕಂಪನಿಯವರು ಹಳೆಯ ಸದ್ದನ್ನೆಲ್ಲ ತೆಗೆದು ಹೊಸದು ತುಂಬಿದ್ದರು. ಮಳೆ ಸೋಫಾದ ಹಿಂದಿನಿಂದ ಸುರಿಯುತ್ತದೆ, ಬಸ್ಸು ಅಡುಗೆಮನೆಯಿಂದ ಬರುತ್ತದೆ. ಹೆಜ್ಜೆಗಳು ಮಾತ್ರ ಟಕ್ ಟಕ್ ಎಂದು ಒಂದೇ ಸಮ ಇಳಿದು ಹೋಗುತ್ತವೆ. ಮುದುಕ ಯಾಕೆ ತಲೆ ಎತ್ತಿದ ಎಂದು ದೇವರಿಗೇ ಗೊತ್ತು. ಮುಗಿದ ಮೇಲೆ ದೊಡ್ಡಮ್ಮ "ಇದಲ್ಲ" ಎನ್ನುತ್ತಾರೆ, ಎದ್ದು ಕೋಣೆಗೆ ಹೋಗುತ್ತಾರೆ. ಆ ಒಂದು ಮಾತಿಗೆ ಅತ್ತಿಗೆಯ ಮುಖ ಇಳಿದುಹೋಗುವುದನ್ನು ಎಷ್ಟು ಸಲ ನೋಡಿಲ್ಲ ನಾನು. ಮೊದಲ ಕ್ಯಾಸೆಟ್ಟಿನಲ್ಲಿ ಅಸಲಿ ಸದ್ದಿತ್ತು ನಿಜ. ಆದರೆ ಅದರ ಟೇಪು ಸವೆದು ಎಲೆಯಂತಾಗಿತ್ತು. ಇನ್ನೊಂದು ಸಲ ಹಾಕಿದರೆ ಕಡಿದೇ ಹೋಗುತ್ತದೆಂದು ಎತ್ತಿಟ್ಟು ಕಾಲವಾಗಿತ್ತು. ಅಮ್ಮನಿಗೆ ಕಿವಿಯಾದರೂ ಇರುವಾಗಲೇ ಆ ಹೆಜ್ಜೆ ಕೇಳಿಸಬೇಕು, ಇದೊಂದೇ ಅತ್ತಿಗೆಯ ಹಟ.

ತಗಡಿನ ಡಬ್ಬವೂ ಬಂತು. ದೊಡ್ಡಮ್ಮ ಕೇಳಿದರು. "ಇದಲ್ಲ."

ಮರುದಿನ ಅತ್ತಿಗೆ ರಜೆ ಹಾಕಿ, ಡಬ್ಬ ಹಿಡಿದು, ನನ್ನನ್ನೂ ಎಳೆದುಕೊಂಡು ಕಂಪನಿಯ ಕಚೇರಿಗೇ ಹೊರಟಳು. ಜಗಳಕ್ಕೆ ಸಾಕ್ಷಿ ಬೇಕಲ್ಲ. ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು ಆ ಕಚೇರಿ. ಸದ್ದು ಸರಿಪಡಿಸುವ ಎಂಜಿನಿಯರ್ ಕಿವಿಗೆ ಹಾಕಿದ್ದ ಹೆಡ್‌ಫೋನ್ ಕೊರಳಿಗೆ ಇಳಿಸಿ ನಮ್ಮನ್ನು ನೋಡಿದ.

"ಮೂಲ ಧ್ವನಿ ಅಂತ ಬರೆದಿದೀರಲ್ಲ, ಇದು ಯಾವ ಮೂಲದ್ದು?" ಎಂದಳು ಅತ್ತಿಗೆ. ದನಿ ಪಾತಾಳದಲ್ಲಿತ್ತು.

ಅವನು ವಾದಿಸಿದ್ದರೆ ಒಳ್ಳೆಯ ಜಗಳವಾಗುತ್ತಿತ್ತು. ಪುಣ್ಯಾತ್ಮ, ನಿಜ ಹೇಳಿಬಿಟ್ಟ. "ಹೊಸ ಸದ್ದನ್ನೇ ಒಟ್ಟಿಗೆ ಸೇರಿಸಿ ಹಳೇ ಥರ ಕೇಳೋ ಹಾಗೆ ಮಾಡಿರೋದು ಮೇಡಂ. ಮೂಲದ ರೀಲು ಅಂಟಿಕೊಂಡು ಹಾಳಾಗಿದೆ. ಡಬ್ಬದ ಮೇಲೆ ಬರೆಯೋರು ಬೇರೆ ಜನ. ನನ್ನ ಕೇಳಿ ಬರೆಯಲ್ಲ." ಆಮೇಲೆ, "ಎಲ್ಲಾದ್ರೂ ಒಂದು ಹಳೇ ಕ್ಯಾಸೆಟ್ ಸಿಕ್ಕಿದ್ರೆ ಅದರಿಂದ ಸದ್ದು ಎತ್ತಬಹುದಿತ್ತು. ಹುಡುಕಿ ಸಾಕಾಯ್ತು" ಎಂದ.

ಅತ್ತಿಗೆ ಮನೆಗೆ ಬಂದು ಕ್ಯಾಸೆಟ್ ಕೈಗೆತ್ತಿಕೊಂಡು ಕೂತಳು.

"ಅದೊಂದನ್ನೂ ಅವರ ಕೈಗೆ ಕೊಡ್ತೀಯಾ? ಇಷ್ಟು ವರ್ಷ ಟೋಪಿ ಹಾಕಿದೋರಿಗೆ?" ಎಂದ ಅಣ್ಣ.

"ಕೊಡಲ್ಲ. ತಗೊಂಡು ಹೋಗಿ ಪಕ್ಕದಲ್ಲೇ ಕೂತ್ಕೋತೀನಿ. ಮನೇಲಿಟ್ಟರೂ ಅದು ಸಾಯುತ್ತೆ. ಸಾಯೋ ಮುಂಚೆ ಒಂದ್ಸಲ ಮಾತಾಡ್ಲಿ."

ಹಾಗೇ ಆಯಿತು. ಎಂಜಿನಿಯರ್ ಟೇಪನ್ನು ಬೇರೊಂದು ಖಾಲಿ ಕ್ಯಾಸೆಟ್ಟಿನ ಗೂಡಿಗೆ ಸುತ್ತಿ, ಉಸಿರು ಬಿಗಿಹಿಡಿದು ಯಂತ್ರಕ್ಕೆ ಹಾಕಿದ. ಮೆಟ್ಟಿಲಿನ ದೃಶ್ಯ ಬರುವಷ್ಟರಲ್ಲಿ ಅತ್ತಿಗೆ ನನ್ನ ಮಣಿಕಟ್ಟನ್ನು ಬಳೆ ಒಡೆಯುವಂತೆ ಹಿಡಿದಿದ್ದಳು. ಹೆಜ್ಜೆ ಬಂತು. ಭಾರವಾಗಿ, ಒಂದೊಂದೇ. ನಿಂತಿತು. ಹಲಗೆ ಕಿರ್ ಎಂದಿತು. ಮತ್ತೆ ಇಳಿಯಿತು.

"ಆ ಕಿರ್ ಅನ್ನೋದನ್ನ ಕ್ಲೀನ್ ಮಾಡಿಬಿಡ್ತೀನಿ ಮೇಡಂ" ಎಂದ ಎಂಜಿನಿಯರ್, ಉಪಕಾರ ಮಾಡುವವನ ಹಾಗೆ.

"ಅದನ್ನ ಮುಟ್ಟಿದ್ರೆ ನಿಮ್ಮ ಕೈ ಎಕ್ಸ್‌ರೇ ನಾನೇ ತೆಗೀಬೇಕಾಗುತ್ತೆ."

ಅವನು ಮುಟ್ಟಲಿಲ್ಲ. ಸಿನಿಮಾದ ಸದ್ದು ಪೂರ್ತಿ ಎತ್ತಿಯಾಯಿತು. ಹಿಂದಕ್ಕೆ ಸುತ್ತುವಾಗ ಟೇಪು ಪಟ್ಟನೆ ಕಡಿಯಿತು. ಅತ್ತಿಗೆ "ಇರಲಿ" ಎಂದಳು, ತನ್ನ ಕೆಲಸ ಮುಗಿಸಿದವರನ್ನು ಕಳಿಸಿಕೊಡುವ ಹಾಗೆ.

ಕಂಪನಿಯ ಮ್ಯಾನೇಜರ್ ಓಡಿಬಂದ. ಅವನಿಗೆ ಇನ್ನೊಂದು ಹೊಸ ಡಬ್ಬದ ಕನಸು ಬಿದ್ದಾಗಿತ್ತು. ಈ ಸಲ ಸುಳ್ಳಿಲ್ಲದೆ 'ಮೂಲ ಧ್ವನಿ' ಎಂದು ಬರೆಯಬಹುದಲ್ಲ. ಸಂತೋಷಕ್ಕೆ ಅವನೇ ಹೇಳಿದ, "ಹೆಜ್ಜೆ ಸದ್ದು ಮಾಡಿದೋರ ಹೆಸರು ಹೇಳಿ ಮೇಡಂ, ಡಬ್ಬದ ಮೇಲೂ ಹಾಕ್ತೀವಿ, ಸಿನಿಮಾ ಕೊನೇಲೂ ಹಾಕ್ತೀವಿ." ಅತ್ತಿಗೆ ಅಪ್ಪನ ಹೆಸರು ಹೇಳಿದಳು. ಅಕ್ಷರ ತಪ್ಪಬಾರದೆಂದು ಬಿಡಿಬಿಡಿಯಾಗಿ ಹೇಳಿದಳು. ಆಮೇಲೆ ಆಸ್ಪತ್ರೆಯ ಡಾಕ್ಟರಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರಿಗೂ ಈ ಸುದ್ದಿ ಮುಟ್ಟಿತು. ಹೇಳದೆ ಉಳಿಸಿದ್ದು ದೊಡ್ಡಮ್ಮನಿಗೆ ಮಾತ್ರ. ಅಮ್ಮ ಬೆರಗಾಗಬೇಕು ಎನ್ನುವ ಆಸೆ. ಎಲ್ಲ ಬಲ್ಲೆ ಎನ್ನುವವಳು ಕೇಳಬೇಕಾದ ಒಬ್ಬರನ್ನೇ ಕೇಳದೆ ಬಿಟ್ಟಳು.

ಹೊಸ ಡಬ್ಬ ಬಂದ ದಿನ ನಾವೆಲ್ಲ ನಡುಮನೆಯಲ್ಲಿ ಸೇರಿದೆವು. ಅತ್ತಿಗೆ ದೃಶ್ಯ ಹಾಕಿದಳು. ಹೆಜ್ಜೆ ಇಳಿಯಿತು, ನಿಂತಿತು, ಮತ್ತೆ ಇಳಿಯಿತು. ದೊಡ್ಡಮ್ಮ ಅಲುಗಾಡಲಿಲ್ಲ. ಅವರ ಒಂದು ಕೈ ಮಾತ್ರ ಮಡಿಲಿನಿಂದ ಹೊಟ್ಟೆಯ ಮೇಲಕ್ಕೆ ಸರಿದಿತ್ತು.

"ಇದೇ" ಎಂದರು.

ಅತ್ತಿಗೆ ಅಳುತ್ತಲೇ ಡಬ್ಬದ ಮೇಲಿನ ಸಾಲು ಗಟ್ಟಿಯಾಗಿ ಓದಿದಳು. ಹೆಜ್ಜೆಯ ಸದ್ದು, ಆಮೇಲೆ ಅಪ್ಪನ ಹೆಸರು. ದೊಡ್ಡಮ್ಮ ಅಚ್ಚರಿಯಿಂದ ತಲೆ ತಿರುಗಿಸಿದರು.

"ಅಚ್ಚು ಹಾಕಿಸಿದ್ಯಾ?"

"ಹೂಂ ಅಮ್ಮ. ಡಬ್ಬದ ಮೇಲೆ, ದೊಡ್ಡ ಅಕ್ಷರದಲ್ಲಿ."

ದೊಡ್ಡಮ್ಮ ಡಬ್ಬ ಇಸಿದುಕೊಂಡು ಅದರ ಮೇಲೆ ಬೆರಳಾಡಿಸಿದರು. ಆಮೇಲೆ, "ನಿಮ್ಮಪ್ಪ ದಿಂಬು ಕಟ್ಕೊಂಡಿದ್ದು ನಿಜ ಕಣೇ. ಎಷ್ಟು ಸಲ ನಡೆದ್ರೂ ಡೈರೆಕ್ಟರಿಗೆ ಒಪ್ಪಿಗೆ ಆಗಲಿಲ್ಲ. ಇದು ದಿಂಬಿನ ನಡಿಗೆ, ಬಸುರಿ ನಡಿಗೆ ಅಲ್ಲ ಅಂದ್ರಂತೆ. ನಾನು ಮನೆ ಬೀಗದ ಕೈ ಕೊಡೋಕೆ ಸ್ಟುಡಿಯೋಗೆ ಹೋಗಿದ್ದೆ, ನೀನು ಹೊಟ್ಟೇಲಿದ್ದೆ. ನೀವೇ ಸ್ವಲ್ಪ ಇಳೀರಿ ಅಮ್ಮ ಅಂದ್ರು. ಇಳಿದೆ" ಎಂದರು.

ಯಾರೂ ಉಸಿರು ಬಿಡಲಿಲ್ಲ.

"ನಡುವೆ ನಿಂತಿದ್ದು?" ಅತ್ತಿಗೆಯ ದನಿ ಇಳಿದಿತ್ತು, ಕೋಪದಿಂದಲ್ಲ.

"ನೀನು ಒದ್ದೆ, ನಾನು ನಿಂತೆ. ಪರದೆ ಮೇಲೆ ಆ ಮುದುಕ ತಲೆ ಎತ್ತೋ ಹೊತ್ತಿಗೆ ಸರಿಯಾಗಿ ಒದ್ದೆ. ಡೈರೆಕ್ಟರು ಕುಣಿದುಬಿಟ್ರು."

"ಇಷ್ಟು ವರ್ಷ ಒಂದು ಮಾತು ಹೇಳಲಿಲ್ವಲ್ಲಮ್ಮ."

"ಅವರು ಹೇಳ್ಕೊಂಡು ಖುಷಿ ಪಡ್ತಿದ್ರು. ನನ್ನದೇನು ಹೋಗ್ತಿತ್ತು? ನನಗೆ ಅದು ಕೇಳಿದ್ರೆ ಸಾಕಿತ್ತು. ಆದ್ರೆ ಬಾಯಲ್ಲಿ ಹೇಳೋದು ಬೇರೆ, ಅಚ್ಚು ಹಾಕೋದು ಬೇರೆ."

ಅತ್ತಿಗೆ ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತಳು. ತಲೆ ನರೆತ ಹೆಂಗಸು ಹಾಗೆ ಅಳುವುದನ್ನು ನೋಡಿ ನನಗೂ ತಡೆಯಲಾಗಲಿಲ್ಲ, ನಾನೂ ಅತ್ತೆ. ಅಪ್ಪನನ್ನು ಹುಡುಕಿಕೊಂಡು ಹೋದವಳಿಗೆ ಅಮ್ಮ ಸಿಕ್ಕಿದ್ದಳು, ಅಮ್ಮನ ಹೊಟ್ಟೆಯೊಳಗೆ ತಾನೂ ಸಿಕ್ಕಿದ್ದಳು. ಇಷ್ಟು ಡಬ್ಬಗಳಲ್ಲಿ ಅವಳು ಹುಡುಕಿದ್ದು ತನ್ನದೇ ಒದೆ.

ಆಮೇಲೆ ಎದ್ದಳು, ಮೂಗೊರೆಸಿಕೊಂಡಳು, ಫೋನ್ ತೆಗೆದು ಮ್ಯಾನೇಜರ್‌ಗೆ ಹಚ್ಚಿದಳು. ನಮಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ಹೆಸರು ತಪ್ಪಾಗಿದೆ."

"ಅಯ್ಯೋ ಮೇಡಂ, ಡಬ್ಬ ಎಲ್ಲ ಅಂಗಡಿಗೆ ಹೋಗಿ ಆಯ್ತಲ್ಲ. ಇನ್ನು ಏನಿದ್ರೂ ಮುಂದೆ ಮತ್ತೆ ಬಿಡುಗಡೆ ಮಾಡಿದಾಗ್ಲೇ."

ಅಣ್ಣ ನನ್ನ ಮುಖ ನೋಡಿದ. ನಾನು ಗೋಡೆಯ ಶೆಲ್ಫು ನೋಡಿದೆ. ದೊಡ್ಡಮ್ಮ ಕುರ್ಚಿಯಿಂದಲೇ ಮಗಳಿಗೆ, "ಅವರ ಹೆಸರು ತೆಗೆಸಬೇಡ ಕಣೇ. ಪಕ್ಕದಲ್ಲಿ ನನ್ನದೂ ಹಾಕಿಸು. ದಿಂಬು ಅವರದೇ ತಾನೇ" ಎಂದರು.

ಅತ್ತಿಗೆ ಫೋನನ್ನು ಬಾಯಿಯ ಹತ್ತಿರ ತಂದಳು.

"ಹಾಗಾದ್ರೆ ಮತ್ತೆ ಬಿಡುಗಡೆ ಮಾಡಿ. ಮೊದಲನೇ ಡಬ್ಬ ನಾನೇ ಕೊಳ್ತೀನಿ."