ಚಿಕ್ಕಪ್ಪನ ಪಾಲಿನ ಬಂಗಡೆ

ಹೊನ್ನಾವರದ ಹೆದ್ದಾರಿ ಬದಿಯ ಹೊಸ ಹೋಟೆಲಿನಲ್ಲಿ ಮೀನು ಕರಿಯುವ ವಾಸನೆ ಬಂದದ್ದೇ ತಡ, ನನ್ನ ಕೈ ತಾನಾಗಿ ಬಾಯಿ ಮುಚ್ಚಿತು. ನಲವತ್ತು ವರ್ಷ ಕಳೆದರೂ ಈ ಹಾಳು ಅಭ್ಯಾಸ ಹೋಗಿಲ್ಲ. ನಿಮ್ಮನ್ನೂ ಹೀಗೆ ಹಿಡಿದು ನಿಲ್ಲಿಸುವ ವಾಸನೆಯೊಂದು ಇರಬಹುದು. ತಂದಿಟ್ಟದ್ದು ಫಿಶ್ ಅಂಡ್ ಚಿಪ್ಸ್. ತಟ್ಟೆಯ ಕೆಳಗಿನ ಕಾಗದದಲ್ಲಿ ಅದರ ಚರಿತ್ರೆಯೂ ಅಚ್ಚಾಗಿತ್ತು: ಪೋರ್ಚುಗಲ್ಲಿನಿಂದ ಓಡಿಬಂದ ಯಹೂದಿಗಳು ತಮ್ಮ ಧರ್ಮದಂತೆ ಶನಿವಾರ ಒಲೆ ಹೊತ್ತಿಸಬಾರದೆಂದು ಶುಕ್ರವಾರವೇ ಮೀನು ಕರಿದಿಟ್ಟು, ಮರುದಿನ ತಣ್ಣಗೆ ತಿನ್ನುತ್ತಿದ್ದರಂತೆ, ಲಂಡನ್ನಿನ ಬಡವರ ಬೀದಿಗಳಲ್ಲಿ ಅದಕ್ಕೆ ಬಟಾಟೆ ಜೊತೆಯಾಯಿತಂತೆ. ಓದಿ ನಗು ಬಂತು. ಇದಕ್ಕೆ ಲಂಡನ್ನಿನ ತನಕ ಯಾಕೆ ಹೋಗಬೇಕು? ಹೊಳೆಯಾಚೆ, ಕಾಸರಕೋಡಿನ ನಮ್ಮ ಮನೆಯಲ್ಲಿ ಅಜ್ಜಿ ಮಾಡುತ್ತಿದ್ದದ್ದೂ ಇದನ್ನೇ.

ಮಂಜ ಚಿಕ್ಕಪ್ಪ ದೋಣಿ ಹತ್ತುವ ದಿನ ಅಜ್ಜಿ ತೆಂಗಿನೆಣ್ಣೆ ಕಾಯಿಸಿ, ಖಾರ ಹಚ್ಚಿದ ಬಂಗಡೆಯನ್ನೂ ಕುಮಟಾ ಸಂತೆಯ ಬಟಾಟೆಯ ತೆಳು ಹೋಳುಗಳನ್ನೂ ರವೆಯಲ್ಲಿ ಹೊರಳಿಸಿ, ಒಂದೇ ಬಾಣಲೆಯಲ್ಲಿ ಕರಿಯುತ್ತಿದ್ದಳು. ಮೊದಲ ಬಂಗಡೆ, ಒಂದು ಹಿಡಿ ಬಟಾಟೆ ಬಾಳೆಲೆಯಲ್ಲಿ ಕಟ್ಟಿ, ಸೂರಿನಿಂದ ತೂಗುವ ನೆಲುವಿನ ಮೇಲೆ ಇಡುತ್ತಿದ್ದಳು. ಅದು ಕಡಲಿಗೆ ಹೋದವನ ಪಾಲು. ಮರುದಿನ ಅವನು ಬಂದು, ಕಾಲು ತೊಳೆದು, ತಣ್ಣಗೇ ತಿನ್ನಬೇಕು. ಪಾಲು ಕಾಯುತ್ತಿದ್ದರೆ ಮಗ ಮರಳಿ ಬಂದೇ ಬರುತ್ತಾನೆಂಬುದು ಅವಳ ಗಟ್ಟಿ ನಂಬಿಕೆ.

ನನಗಾಗ ಏಳು ವರ್ಷ. ಒಂದು ದಿನ ಚಿಕ್ಕಪ್ಪ ಕಡಲಿಗೆ ಹೋದ ಮೇಲೆ, ಅಜ್ಜಿ ಬಾವಿಗೆ ಹೋಗಿದ್ದಾಗ ಅಕ್ಕಿ ಡಬ್ಬದ ಮೇಲೆ ಹತ್ತಿ ಪೊಟ್ಟಣ ಬಿಚ್ಚಿದೆ. ಒಂದೇ ಒಂದು ಬಟಾಟೆ ಎಂದುಕೊಂಡವಳು ಕೊನೆಗೆ ಮುಳ್ಳು ಮಾತ್ರ ಉಳಿಸಿದೆ. ಸಂಜೆ ಗಾಳಿ ಎದ್ದಿತು. ದೋಣಿ ಮಗುಚಿ, ಮೂವರು ಈಜಿ ದಡ ಸೇರಿದರು. ಚಿಕ್ಕಪ್ಪ ಬರಲಿಲ್ಲ. ಹೆಣವೂ ಸಿಗಲಿಲ್ಲ.

ಮನೆ ತುಂಬ ಜನ ಸೇರಿದ್ದಾಗ ಅಜ್ಜಿಯ ಅಕ್ಕ ನೆಲುವಿನ ಕಡೆ ನೋಡಿ, "ಮಂಜನ ಪಾಲು ಎಲ್ಲಿ ಹೋತೇ? ಯಾರು ತಿಂದದ್ದು?" ಎಂದಳು. ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ. ಅಜ್ಜಿ ನನ್ನ ಕೈಯನ್ನು ಒಮ್ಮೆ ನೋಡಿದಳು.

"ನಾನೇ ತಿಂದೆ ಅಕ್ಕ. ಹಸಿವು ತಡೀಲಿಕ್ಕೆ ಆಗ್ಲಿಲ್ಲ."

ಅಂದಿನಿಂದ ಕೇರಿಗೆಲ್ಲ ಅವಳು ಮಗನ ಪಾಲು ತಿಂದವಳು. ದೋಣಿ ಇಳಿಸುವ ದಿನ ಅವಳು ಎದುರು ಬಂದರೆ ಹೆಂಗಸರು ಮುಖ ತಿರುಗಿಸುತ್ತಿದ್ದರು. ಅವಳು ಮತ್ತೆಂದೂ ಮೀನು ಮುಟ್ಟಲಿಲ್ಲ, ನನ್ನನ್ನು ಒಂದು ಮಾತೂ ಕೇಳಲಿಲ್ಲ. ಗಾಳಿಗೂ ಬಂಗಡೆಗೂ ಸಂಬಂಧವಿಲ್ಲವೆಂದು ಶಾಲೆ ಕಲಿತ ನನಗೆ ಗೊತ್ತಿತ್ತು. ಆದರೂ ತಿಂದದ್ದು ನಾನೆಂದು ಅವಳು ಸಾಯುವ ತನಕ ನಾನು ಯಾರಿಗೂ ಹೇಳಲಿಲ್ಲ. ನನ್ನಷ್ಟು ಹೇಡಿ ಇನ್ನೊಬ್ಬಳಿಲ್ಲ. ಆ ಮನೆಯನ್ನೂ ಆಮೇಲೆ ಕಡಲು ಕೊರೆದುಕೊಂಡು ಹೋಯಿತು.

ಹೋಟೆಲಿನಾಕೆ ಬಂದು, "ಎಂತಕ್ಕ, ಮುಟ್ಟಲೇ ಇಲ್ಲ? ತಣ್ಣಗಾತು, ಬಿಸಿ ಮಾಡಿ ತರ್ಲಾ?" ಎಂದಳು.

"ಬೇಡ. ಅಜ್ಜಿ ಅಲ್ಲ, ನಾನು ತಿಂದದ್ದು," ಎಂದುಬಿಟ್ಟೆ.

ಆಕೆ ಏನೂ ತಿಳಿಯದೆ ನನ್ನ ಮುಖ ನೋಡಿದಳು. ಆ ಮಾತು ಕೇಳಬೇಕಾಗಿದ್ದ ಒಬ್ಬರೂ ಈಗ ಕಾಸರಕೋಡಿನಲ್ಲಿ ಉಳಿದಿಲ್ಲ.