ಬಾವಿಯ ತಳದ ನೇರಳೆ

ಮಳವಳ್ಳಿಗೆ ಎರಡು ಹರದಾರಿ ದೂರದ ಹಳ್ಳಿ. ಊರಾಚೆಯ ಕೇರಿಗೆ ಸೊಸೆಯಾಗಿ ಬಂದ ವರ್ಷವೇ ಚಿಕ್ಕಮಾದಮ್ಮ ಗಂಡ ಕರಿಸಿದ್ದಯ್ಯನ ಜೊತೆ ಮುತ್ತತ್ತಿಗೆ ಹೋಗಿ, ಅಲ್ಲಿ ತಿಂದ ನೇರಳೆಹಣ್ಣಿನ ಬೀಜವನ್ನು ಸೆರಗಿಗೆ ಕಟ್ಟಿಕೊಂಡು ಬಂದಿದ್ದಳು. ಗುಡಿಸಲ ಮುಂದೆ ಹುಗಿದು, ಹಳ್ಳದ ಮರಳು ತೋಡಿ ತಂದ ನೀರಿನಲ್ಲೇ ಬೆಳೆಸಿದಳು. ಮರ ತೋಳಿಗೆ ಸಿಗದಷ್ಟು ದಪ್ಪವಾಯಿತು. ಊರೊಳಗಿನ ಮಕ್ಕಳೂ ಬಂದು ನಾಲಿಗೆ ನೀಲಿ ಮಾಡಿಕೊಂಡು ಹೋಗುತ್ತಿದ್ದವು. ಹಣ್ಣಿಗೆ ಮೈಲಿಗೆ ಇರಲಿಲ್ಲ.

ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಏರಿಸಿದ ವರ್ಷ ಊರ ಯಜಮಾನ ಚೌಡಯ್ಯ ಖಾದಿ ಟೋಪಿ ಹಾಕಿಕೊಂಡು ಅವಳ ಬಾಗಿಲಿಗೇ ಬಂದ. ಊರಿಗೆ ಹೊಸ ಬಾವಿ ತೆಗೆಸುತ್ತಿದ್ದರು. ತಳಕ್ಕೆ ನೇರಳೆ ತೊಲೆಯ ಚೌಕಟ್ಟು ಕೂರಿಸಿ ಅದರ ಮೇಲೆ ಕಲ್ಲು ಕಟ್ಟಿದರೆ ನೀರು ತಿಳಿಯಾಗಿರುತ್ತದೆ, ಮರವೂ ಕೊಳೆಯುವುದಿಲ್ಲ.

"ಮರ ಕೊಡಮ್ಮಿ ಮಾದಿ. ದಿನಕ್ಕೆರಡು ಕೊಡ ನೀರು ಸೇದಿ ಉಯ್ಯುಸ್ತೀನಿ, ನಿನ್ನ ಉಸುರಿರೋಗಂಟ."

"ಮಾತು ತಪ್ಪಬ್ಯಾಡಿ ಬುದ್ಧಿ," ಅಂದು ಅವಳು ಕೊಡಲಿ ಬೀಳುವಾಗ ಒಳಗೆ ಹೋಗಿ ಕೂತಳು.

ಚೌಡಯ್ಯನ ಸೊಸೆ ಮುದ್ದಮ್ಮ ಒಂದು ತಿಂಗಳು ಅವಳ ಕೊಡಕ್ಕೆ ಎತ್ತರದಿಂದ ನೀರು ಸುರಿದಳು. ಆಮೇಲೆ "ಇವತ್ತು ಸುಕ್ರವಾರ ಕಣಮ್ಮಿ" ಅಂದಳು. ಇನ್ನೊಂದು ದಿನ "ತೋಳು ಬಿದ್ದೋಯ್ತದೆ, ನಾಳೆ ಬಾ." ಬಾವಿಯಿಂದ ದೂರದ ತಂಗಡಿ ಗಿಡದ ಹತ್ತಿರ ನಿಂತೂ ನಿಂತೂ ಚಿಕ್ಕಮಾದಮ್ಮ ಮತ್ತೆ ಹಳ್ಳದ ದಾರಿ ಹಿಡಿದಳು.

ಸ್ವಾತಂತ್ರ್ಯ ಬಂದ ವರ್ಷದ ಬೇಸಿಗೆಯಲ್ಲಿ ಬಾವಿ ಹೂಳು ತುಂಬಿ ಬತ್ತಿತು. ಇಳಿಯೋಕೆ ಊರೊಳಗೆ ಯಾರೂ ಒಪ್ಪಲಿಲ್ಲ. ಚೌಡಯ್ಯ ಕರಿಸಿದ್ದಯ್ಯನಿಗೆ ಹೇಳಿಕಳಿಸಿದ.

"ಈಗ ಬಾವಿ ಮೈಲಿಗೆ ಆಗಕಿಲ್ವಾ ಬುದ್ಧಿ?" ಗಂಡನ ಹಿಂದೆ ಬಂದ ಚಿಕ್ಕಮಾದಮ್ಮ ದೂರದಿಂದಲೇ ಚೌಡಯ್ಯನನ್ನು ಕೇಳಿದಳು.

"ಆಮ್ಯಾಕೆ ಪೂಜೆ ಮಾಡುಸ್ಕತೀವಿ ಬುಡು."

ಕರಿಸಿದ್ದಯ್ಯ ಮೂರು ದಿನ ಹೂಳು ಎತ್ತಿದ. ಮೂರನೆಯ ದಿನ ಸಂಜೆ ಕತ್ತಿನವರೆಗೂ ಕೆಸರಾಗಿ ಮೇಲೆ ಬಂದವನನ್ನು ಅವಳು ತಂಗಡಿ ಗಿಡದ ಹತ್ತಿರ ತಡೆದಳು. ಹಿಂದೆ ಮುದ್ದಮ್ಮ ಬಾವಿಕಟ್ಟೆಗೆ ಗಂಜಲ ಚಿಮುಕಿಸುತ್ತಿದ್ದಳು.

"ಮರ ಕಂಡ್ತಾ?"

"ಕಂಡ್ತು. ಒಂದು ಉಳನೂ ಬಿದ್ದಿಲ್ಲ. ನಿನ್ನಂಗೇ ಗಟ್ಟಿ."

"ನೀರು ಕುಡುದ್ಯಾ?"

ಅವನು ಹಿಂದೆ ನೋಡಿ ದನಿ ತಗ್ಗಿಸಿದ. "ಎರಡು ಬೊಗಸೆ. ಸೀಯಾಗಿ ಅದೆ."

"ನಂಗೆ?"

ಅವನು ತಲೆಗೆ ಸುತ್ತಿದ್ದ ಒದ್ದೆ ವಲ್ಲಿಯನ್ನು ಬಿಚ್ಚಿ ಕೊಟ್ಟ. ಅವಳು ಅಂಗೈ ಮೇಲೆ ಹಿಂಡಿದಳು. ಕೆಸರು ಬಂತು.

ವಲ್ಲಿ ಒಗೆಯಬೇಕಲ್ಲ. ಕೊಡ ಎತ್ತಿಕೊಂಡು ಹಳ್ಳದ ಕಡೆ ಹೊರಟಳು.