ಬಲಗಿವಿಯ ಕೊಳಲು

ಡಿಸೆಂಬರ್ ಬಂತೆಂದರೆ ನಮ್ಮ ಲೇಡೀಸ್ ಬೋಗಿಯಲ್ಲಿ ಜಗಳ ಶುರು. ಸೀಟಿನ ಜಗಳವಲ್ಲ, ಅದು ವರ್ಷವಿಡೀ ಇದ್ದದ್ದೇ. ಆ ವರ್ಷ ಬಂದ ಸಿನಿಮಾ ಆಲ್ಬಂಗಳಲ್ಲಿ ಯಾವುದು ಮೇಲು ಅನ್ನೋ ಜಗಳ. ಜಗಳ ಆಡೋರು ಮೂರೇ ಜನ, ಮೂವರೂ ಬೆಂಗಳೂರಿನ ಒಂದೇ ಗಾರ್ಮೆಂಟ್ಸಿನಲ್ಲಿ ಹೊಲಿಯೋರು. ಚಾಂಪಿಯನ್ ರೀಫ್ಸ್‌ನ ಅಕ್ಕ ತಮಿಳು ಹಾಡಿನವಳು. ಕಾಮಸಮುದ್ರದಿಂದ ಬರೋಳಿಗೆ ತೆಲುಗು ಬಿಟ್ಟರೆ ಬೇರೆ ಯಾವುದೂ ಹಾಡೇ ಅಲ್ಲ. ನಾನು ಬೂದಿಕೋಟೆ ಕಡೆಯವಳು, ಹಸು ಕರೆದು, ಡೈರಿಗೆ ಹಾಲು ಹಾಕಿ, ಬಸ್ಸು ಹಿಡಿದು ಬಂಗಾರಪೇಟೆಗೆ ಬಂದು ರೈಲು ಹತ್ತೋಳು. ಕನ್ನಡದ ಪರವಾಗಿ ಬಡಿದಾಡೋಕೆ ಇನ್ಯಾರೂ ಇಲ್ಲದ್ದಕ್ಕೆ ಆ ಕೆಲಸ ನನ್ನ ತಲೆಗೆ ಬಿತ್ತು.

ಈ ಡಿಸೆಂಬರ್‌ನಲ್ಲೂ ಜಗಳಕ್ಕೆ ಕೂತೆವು. ಆದರೆ ಅಕ್ಕನ ಕಿವಿ ಹೋಗ್ತಾ ಇದೆ. ಹೋಗ್ತಾ ಇದೆ ಏನು, ಹೋಯಿತು ಅಂತಲೇ ಇಟ್ಟುಕೊಳ್ಳಿ. ನರ ಒಣಗಿದೆ, ಏನೂ ಮಾಡೋಕಾಗಲ್ಲ ಅಂತ ದೊಡ್ಡಾಸ್ಪತ್ರೆಯ ಡಾಕ್ಟರು ಕೈ ಚೆಲ್ಲಿದ್ದಾರೆ. ಕಿವಿಗೆ ಮಿಷನ್ ಹಾಕಿಕೊಂಡರೆ ಹತ್ತಿರದ ಮಾತು ಅಷ್ಟಿಷ್ಟು ತಿಳಿಯುತ್ತೆ. ಹಾಡು ಹಾಕಿದರೆ ಮಾತ್ರ ತಗಡು ಬಡಿದ ಹಾಗಾಗುತ್ತಂತೆ.

ಈ ಆಟದ ನಿಯಮವನ್ನೆಲ್ಲ ಮಾಡಿದವಳೇ ಅವಳು. ಒಂದು ಹಿಟ್ ಹಾಡು ತಂದು ತೋರಿಸಿದರೆ ನಡೆಯಲ್ಲ, ಆಲ್ಬಂ ಪೂರ್ತಿ ಕೇಳಬೇಕು, ಮೊದಲನೇ ಹಾಡಿನಿಂದ ಕೊನೇದರವರೆಗೆ, ಮಧ್ಯೆ ಹಾರಿಸೋ ಹಾಗಿಲ್ಲ. "ಪಲ್ಯ ಒಂದು ಚೆನ್ನಾಗಿದ್ರೆ ಊಟ ಚೆನ್ನಾಗಾಯ್ತಾಡಿ?" ಅಂತ ಕೇಳೋಳು. ಆ ವರ್ಷದ್ದೇ ಆಗಿರಬೇಕು, ಹಳೇದು ತರಬಾರದು. ಕೊನೆಗೆ ಮೂವರೂ ಓಟು ಹಾಕಬೇಕು. ಸೋತವರು ಗೆದ್ದವಳಿಗೆ ಬಂಗಾರಪೇಟೆಯಲ್ಲಿ ಪಾನಿಪೂರಿ ತಿನ್ನಿಸಬೇಕು. ಆವತ್ತು ಒಂದು ದಿನ ಅಕ್ಕನೂ ನಮ್ಮ ಜೊತೆ ಇಳಿದು, ಮೂಗು ಸೊರಸೊರ ಅನ್ನೋ ಹಾಗೆ ತಿಂದು, ಆಮೇಲೆ ಬಸ್ಸಿಗೆ ಮನೆಗೆ ಹೋಗೋಳು.

ಅವಳ ಹಾಡಿನ ಹುಚ್ಚು ಚಿಕ್ಕಂದಿನದು. ಚಿನ್ನದ ಗಣಿ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿದವಳು. ಇವರ ಮನೆಯಲ್ಲಿ ರೇಡಿಯೋ ಇರಲಿಲ್ಲ, ಪಕ್ಕದ ಮನೆಯಲ್ಲಿತ್ತು, ನಡುವೆ ತೆಳ್ಳನೆಯ ಗೋಡೆ. ಆ ಗೋಡೆಗೆ ಕಿವಿ ಒತ್ತಿಕೊಂಡು ನಿಂತೇ ಹಾಡು ಕಲಿತಳಂತೆ. ಸುಣ್ಣ ಕೆನ್ನೆಗೆ ಮೆತ್ತಿಕೊಂಡು ಅಮ್ಮನ ಕೈಲಿ ಒದೆ ತಿಂದಿದ್ದನ್ನ ನಗುನಗುತ್ತಾ ಹೇಳೋಳು.

ಬೆಳಿಗ್ಗೆ ಚಾಂಪಿಯನ್‌ನಲ್ಲಿ ಹತ್ತಿ, ಊಟದ ಬ್ಯಾಗ್ ಇಟ್ಟು ನನಗೆ ಸೀಟು ಹಿಡಿದಿರೋಳು. ಕಿಟಕಿ ಮಾತ್ರ ಅವಳದೇ. ಚಳಿ, ಮಳೆ, ಏನೇ ಇರಲಿ, ಬಲಗಡೆಗೆ ಕಿಟಕಿ ಬರೋ ಹಾಗೇ ಕೂರಬೇಕು. ಎಷ್ಟೋ ಸಲ ನಾನು ರೇಗಿದ್ದೀನಿ, "ರೈಲನ್ನೇನು ನಿಮ್ಮಪ್ಪ ಬರೆದುಕೊಟ್ಟವ್ರಾ?" ಅಂತ. "ಗಾಳಿ ಬೇಕಡಿ ನಂಗೆ, ಪೋಡಿ" ಅನ್ನೋಳು. ನಾನು ಅವಳ ಎಡಕ್ಕೆ ಕೂರೋದು. ಇದ್ದದ್ದು ಒಂದೇ ವೈರಿನ ಇಯರ್‌ಫೋನ್, ನನ್ನದು. ಎಡದ್ದು ಅವಳ ಎಡಗಿವಿಗೆ, ಬಲದ್ದು ನನ್ನ ಬಲಗಿವಿಗೆ. ತಲೆಗೆ ತಲೆ ತಾಗಿಸಿಕೊಂಡು ವರ್ಷಗಟ್ಟಲೆ ಹಾಗೇ ಕೇಳಿದೆವು. ವೈರು ಎಳೆಯುತ್ತೆ ಅಂತ ಇಬ್ಬರೂ ಅಲ್ಲಾಡುತ್ತಿರಲಿಲ್ಲ.

ಎರಡು ವರ್ಷದ ಹಿಂದಿನ ಡಿಸೆಂಬರ್‌ನಲ್ಲಿ ನಾನೊಂದು ಕನ್ನಡ ಆಲ್ಬಂ ತಂದೆ. ಸಿನಿಮಾ ಒಂದು ವಾರವೂ ಓಡಲಿಲ್ಲ, ಹಾಡು ಮಾತ್ರ ಅಬ್ಬಬ್ಬಾ. ನಾಲ್ಕೇ ಹಾಡು. ಎರಡನೇದರಲ್ಲಿ ಚರಣ ಮುಗಿದ ಮೇಲೆ ಒಂದು ಕೊಳಲು ಬರುತ್ತೆ ನೋಡಿ, ಕೇಳ್ತಾ ಇದ್ದರೆ ಇಳಿಯೋ ಸ್ಟೇಷನ್ನೇ ಮರೆತುಹೋಗುತ್ತೆ. ಪೂರ್ತಿ ಕೇಳಿದ ಮೇಲೆ, "ಆ ಕೊಳಲೊಂದಕ್ಕೇ ಕೊಡಬೋದಕ್ಕ" ಅಂದೆ.

"ಯಾವ ಕೊಳಲು?"

"ಎರಡನೇ ಹಾಡಲ್ಲಿ."

"ಅಲ್ಲಿ ಎಂಗಸ್ರು ಗುನುಗ್ತಾರೆ. ಕೊಳಲು ಎಲ್ಲೈತೆ?"

ನನಗೆ ಗುನುಗೋದು ಕೇಳಿರಲಿಲ್ಲ. ಅವಳಿಗೆ ಕೊಳಲು ಕೇಳಿರಲಿಲ್ಲ. ಮಾಲೂರು ದಾಟೋವರೆಗೂ ಕಚ್ಚಾಡಿದೆವು. ಎದುರಿಗೆ ಕೂತಿದ್ದ ಕಾಮಸಮುದ್ರದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ದೇವುಡಾ! ಕೆಲವು ಸದ್ದು ಒಂದು ಕಡೆ ಮಾತ್ರ ಬತ್ತೈತೆ ಕಣಕ್ಕ. ನೀವಿಬ್ರೂ ಇಷ್ಟು ವರ್ಷ ಅರ್ಧರ್ಧ ಹಾಡು ಕೇಳ್ಕೊಂಡು ಜಗಳ ಆಡಿದೀರಾ!" ಅಂದಳು. ಬೋಗಿಗೆ ಬೋಗಿಯೇ ನಕ್ಕಿತು. ನಾವೂ ನಕ್ಕೆವು, ಇಂಥಾ ಪೆದ್ದುತನ ಇನ್ಯಾರು ಮಾಡ್ತಾರೆ ಅಂತ.

"ಹಂಗಾದ್ರೆ ಎರಡೂ ನೀನೇ ಹಾಕ್ಕೊ, ನೋಡೇಬಿಡೋಣ" ಅಂತ ನನ್ನದನ್ನೂ ಕಿತ್ತು ಅವಳ ಬಲಗಿವಿಗೆ ಸಿಕ್ಕಿಸಿದೆ. ಹಾಡು ಬಿಟ್ಟೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಗಿಯಿತು.

"ಇಲ್ಲ" ಅಂದಳು.

"ಸೋಲ್ತೀನಿ ಅಂತ ಸುಳ್ಳು ಏಳ್ಬೇಡ" ಅಂತ ನಾನು ಕಿರುಚಿದೆ. ಕಾಮಸಮುದ್ರದವಳು ಇಯರ್‌ಫೋನ್ ಇಸಕೊಂಡು ಕೇಳಿ, "ಐತೆ ಅಕ್ಕ, ಬಲಗಡೆ, ಇಷ್ಟು ದೊಡ್ಡದಾಗಿ" ಅಂದಳು. ಆಗ ನಾನು ಅಕ್ಕನ ಮುಖ ನೋಡಿದೆ. ಸುಳ್ಳು ಹೇಳಿದವರ ಮುಖ ಅದಲ್ಲ. ಅವಳ ಬಲಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಸತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಕೇಳದ ಕಿವಿಯನ್ನ ಕಿಟಕಿ ಕಡೆಗೆ ಇಟ್ಟು, ಕೇಳೋ ಕಿವಿಯನ್ನ ನನ್ನ ಕಡೆಗೆ ಇಟ್ಟುಕೊಂಡು ಕೂತಿದ್ದಳು ಅಷ್ಟೂ ವರ್ಷ.

ಬಲದ್ದನ್ನೇ ಎಡಗಿವಿಗೆ ಹಾಕ್ಕೊ, ಕೊಳಲು ಕೇಳುತ್ತೆ ಅಂದೆ. ಬೇಡ ಅಂದಳು. ಅವಳ ಸಿಟ್ಟು ಅಂಥದ್ದು, ಒಂದು ಸಲ ಮುಖ ತಿರುಗಿಸಿದರೆ ಮುಗೀತು. ಆ ಆಲ್ಬಂ ವಿರುದ್ಧ ಓಟು ಹಾಕಿ, ತೆಲುಗಿನವಳನ್ನ ಗೆಲ್ಲಿಸಿ, ಪಾನಿಪೂರಿಯನ್ನೂ ಕೊಡಿಸಿದಳು. ಮತ್ತೆ ನಾವು ಆ ಹಾಡಿನ ಮಾತೇ ಎತ್ತಲಿಲ್ಲ. ಅದಾದ ಮೇಲೆ ನೋಡಿ, ಉಳಿದಿದ್ದ ಎಡಗಿವಿಯೂ ದಿನದಿನಕ್ಕೆ ಇಳೀತಾ ಬಂತು. "ಸೌಂಡ್ ಜಾಸ್ತಿ ಮಾಡಡಿ" ಅನ್ನೋಳು. ಎಲ್ಲಿಗಂತ ಜಾಸ್ತಿ ಮಾಡೋದು? ಅದಕ್ಕೂ ಒಂದು ಕೊನೆ ಇದೆಯಲ್ಲ.

ಈ ಡಿಸೆಂಬರ್‌ನಲ್ಲಿ ಕಾಮಸಮುದ್ರದವಳು ನನ್ನ ಕಿವಿಯಲ್ಲಿ, "ಈ ಸಲ ಅಕ್ಕ ಏನು ಏಳಿದ್ರೂ ಗೆಲ್ಸಿಬಿಡೋಣ" ಅಂದಳು. ಪಾಪ ಒಳ್ಳೇ ಮನಸ್ಸಿನವಳೇ. ಸಾಯಂಕಾಲ ವಾಪಸ್ ಬರುವಾಗ ಅವಳು ತನ್ನ ಆಲ್ಬಂ ಹೇಳಿದಳು, ನಾನು ನನ್ನದು. ಜೀವವಿಲ್ಲದ ಜಗಳ. ಅಕ್ಕ ನಮ್ಮ ತುಟಿಗಳನ್ನೇ ನೋಡ್ತಾ ಕೂತಿದ್ದಳು. ನಿನ್ನದು ಯಾವುದು ಅಂತ ಕೈ ಮಾಡಿ ಕೇಳಿದೆವು.

ಆ ಕೊಳಲಿನ ಆಲ್ಬಂ ಹೆಸರು ಹೇಳಿದಳು.

"ಅದು ಹಳೇದಲ್ವಾ ಅಕ್ಕ" ಅಂತ ನನ್ನ ಬಾಯಿಂದ ಬಂದೇಬಿಟ್ಟಿತು.

"ನಂಗೆ ಇನ್ನು ಹೊಸಾದು ಎಲ್ಲಿಂದ ಬರ್ಬೇಕಡಿ" ಅಂದಳು. ಸಿಟ್ಟಿನಿಂದಲ್ಲ, ಡಬ್ಬಿಯಲ್ಲಿ ಅನ್ನ ಮುಗೀತು ಅನ್ನೋ ಹಾಗೆ. "ತಲೇಲಿ ಇರೋದೇ ಕೇಳ್ಕೋಬೇಕು. ದಿನಾ ಕೇಳ್ತೀನಿ. ಮೊದಲ್ನೇ ಹಾಡಿಂದ ಕೊನೇ ಹಾಡ್ವರ್ಗೂ, ಸಾಲಾಗಿ. ಎರಡ್ನೇದ್ರಲ್ಲಿ ಅಲ್ಲಿಗೆ ಬಂದಾಗ ಮಾತ್ರ ಖಾಲಿ ಹೊಡೀತದೆ. ಆವತ್ತೇ ಎಡಗಿವಿಗೆ ಹಾಕ್ಕೊಂಡು ಕೇಳ್ಬೋದಾಗಿತ್ತು. ಕೋಪ. ಆಮೇಲೆ ಕೇಳಿದ್ರಾಯ್ತು ಅಂದ್ಕೊಂಡೆ." ಮಿಷನ್ ಇದ್ದ ಎಡಗಿವಿಯನ್ನ ನನ್ನ ಬಾಯಿ ಹತ್ತಿರ ತಂದಳು. "ಆ ಕೊಳಲು ಎಂಗೆ ಬತ್ತದೆ, ಏಳ್ಕೊಡು. ಸೇರಿಸ್ಕೋತೀನಿ."

ನಾನು ಗುನುಗಿದೆ. ನನಗೆ ಅದರ ಪ್ರತಿ ಉಸಿರೂ ಗೊತ್ತು. ಅವಳು ತಲೆ ಅಲ್ಲಾಡಿಸಿದಳು, ಜೋರಾಗಿ ಅಂತ. ಜೋರಾಗಿ ಹಾಡಿದೆ. ಇನ್ನೂ ಜೋರಾಗಿ ಅಂದಳು. ಬೋಗಿಯವರೆಲ್ಲ ತಿರುಗಿ ನೋಡಿದರು, ಯಾರೂ ನಗಲಿಲ್ಲ. ಹೂವು ಕಟ್ಟುತ್ತಿದ್ದವಳ ಕೈ ನಿಂತಿತು. ನಾನು ಅವಳ ಕಿವಿಗೆ ಬಾಯಿ ಇಟ್ಟು, ಗಂಟಲು ಹರಿಯೋ ಹಾಗೆ ಆ ಕೊಳಲನ್ನ ಕೂಗಿದೆ. ಹಾಡು ಕೂಗಾಯಿತು, ಕೂಗು ಅಳುವಾಯಿತು, ಆದರೂ ನಿಲ್ಲಿಸಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಿದ್ದಳು, ಗೋಡೆಗೆ ಕಿವಿ ಕೊಟ್ಟವಳ ಹಾಗೆ.

ಕೊನೆಗೆ ನನ್ನ ಕೆನ್ನೆ ಮೇಲೆ ಕೈ ಇಟ್ಟು ಸಾಕು ಅಂದಳು. "ನೀನು ಕೂಗ್ತಾ ಇದೀಯಾ ಅಂತ ಗೊತ್ತಾಗ್ತದೆ ಕಣಡಿ. ಹಾಡು ಬತ್ತಾ ಇಲ್ಲ."

ರೈಲು ಬಂಗಾರಪೇಟೆಗೆ ಬಂತು. ಪಾನಿಪೂರಿಗೆ ಇಳಿಯೋಣ ಅಂತ ಕಾಮಸಮುದ್ರದವಳು ಅವಳ ಕೈ ಹಿಡಿದು ಎಳೆದಳು. ಅಕ್ಕ ಏಳಲಿಲ್ಲ. ನನ್ನ ಮಡಿಲಲ್ಲಿದ್ದ ಇಯರ್‌ಫೋನಿನ ವೈರನ್ನ ಬೆರಳಿಗೆ ಸುತ್ತಿ, ಗಂಟಾಗದ ಹಾಗೆ ನನ್ನ ಬ್ಯಾಗಿಗೆ ಹಾಕಿದಳು. "ಇನ್ಮೇಲೆ ಎರಡೂ ನೀನೇ ಹಾಕ್ಕೊ. ಪೂರ್ತಿ ಕೇಳು" ಅಂದಳು. ಪ್ಲಾಟ್‌ಫಾರಂ ಮೇಲೆ ನಿಂತು ನೋಡಿದರೆ ಅವಳು ಕಿಟಕಿ ಪಕ್ಕ ಅದೇ ಜಾಗದಲ್ಲಿ ಕೂತಿದ್ದಳು.

ಈಗ ಅವಳು ಕೆಲಸಕ್ಕೆ ಬರ್ತಾ ಇಲ್ಲ. ಸೂಪರ್‌ವೈಸರ್ ಕೂಗಿದ್ದು ಕೇಳಿಸಲ್ಲ ಅಂತ ಬಿಡಿಸಿದರು. ಕಿಟಕಿ ಸೀಟು ನನಗೆ ಸಿಗುತ್ತೆ. ಎರಡೂ ಹಾಕ್ಕೊ ಅಂದಿದ್ದಳಲ್ಲ, ಒಂದೆರಡು ಸಲ ಹಾಕಿಕೊಂಡೂ ನೋಡಿದೆ, ಸಹಿಸೋಕಾಗಲಿಲ್ಲ. ಬಲದ್ದನ್ನ ಮಾತ್ರ ಹಾಕಿಕೊಳ್ತೀನಿ. ಎಡದ್ದು ಪಕ್ಕದಲ್ಲಿ ನೇತಾಡ್ತಾ ಇರುತ್ತೆ, ಅದರಲ್ಲೂ ಹೆಂಗಸರು ಗುನುಗ್ತಾನೇ ಇರುತ್ತಾರೆ, ಕೇಳೋರು ಯಾರೂ ಇಲ್ಲದೆ.